ಹೆಡ್ ಬೋಲ್ಟ್ ಸುತ್ತ ಕೂಲೆಂಟ್ ಜಿನುಗಿದರೆ ಏನು ಮಾಡಬೇಕು

ಎಂಜಿನ್ ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿದ್ದೆ. ಮೂರನೇ ದಿನ ಬಾನೆಟ್ ಎತ್ತಿ ನೋಡಿದರೆ ಎರಡು ಮತ್ತು ಮೂರನೇ ಸಿಲಿಂಡರ್ ನಡುವಿನ ಹೆಡ್ ಬೋಲ್ಟ್ ಸುತ್ತ ಒಂದು ಹಸಿರು ಉಂಗುರ, ಎಂಜಿನ್ ತಂಪು ಮಾಡುವ ಕೂಲೆಂಟಿನದು. (ಹೆಡ್ ಅಂದರೆ ಸಿಲಿಂಡರ್‌ಗಳಿರುವ ಬ್ಲಾಕಿನ ಮೇಲಿನ ಮುಚ್ಚಳ. ಅದನ್ನು ಬ್ಲಾಕಿಗೆ ಬಿಗಿಯುವುದು ಹೆಡ್ ಬೋಲ್ಟ್, ಎರಡರ ನಡುವೆ ಸಂದು ಮುಚ್ಚುವ ಹಾಳೆ ಗ್ಯಾಸ್ಕೆಟ್.) ವಾಷರ್ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಹನಿ ನಿಂತಿತ್ತು. ಒರೆಸಿದೆ. ಹತ್ತು ನಿಮಿಷ ಎಂಜಿನ್ ಓಡಿಸಿದೆ. ಮತ್ತೆ ಬಂತು.

ನನ್ನದು ಮಹೀಂದ್ರ ಸಿಜೆ 3ಬಿ ಜೀಪು. ಬೆಂಗಳೂರಿನ ಬನಶಂಕರಿಯ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ನಿಂತಿರುತ್ತದೆ. ಅದರಲ್ಲಿರುವುದು ಅಮೆರಿಕದ ವಿಲ್ಲಿಸ್ ಕಂಪನಿ ಕಾಲದ ಹರಿಕೇನ್ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರ್, 134 ಘನ ಇಂಚು, ಅಂದರೆ ಸುಮಾರು 2.2 ಲೀಟರ್. ಬ್ಲಾಕೂ ಹೆಡ್ಡೂ ಎರಡೂ ಬೀಡು ಕಬ್ಬಿಣ. ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಇದನ್ನೇ ಎಫ್ ಹೆಡ್ ಅನ್ನುತ್ತಾರೆ.

ಆ ಹನಿ ನೋಡಿದಾಗ ನಾನು ಎರಡು ತಪ್ಪು ಮಾಡಿದೆ. ಮೊದಲು ಬೋಲ್ಟನ್ನು ಇನ್ನೊಂದು ಚೂರು ಬಿಗಿ ಮಾಡಿದೆ. ನಿಲ್ಲಲಿಲ್ಲ. ಆಮೇಲೆ ಆ ಒಂದು ಬೋಲ್ಟ್ ತೆಗೆದು, ವಾಷರ್ ಕೆಳಗೆ ಸಿಲಿಕೋನ್ ಬಳಿದು ಮತ್ತೆ ಹಾಕಿದೆ. ಈ ಸಲ ನಿಂತಿತು. ತುಂಬಾ ಸಮಾಧಾನ ಆಯ್ತು. ಒಂದು ಮಳೆಗಾಲ ಕಳೆಯಿತು. ಬೇರೆ ಕೆಲಸಕ್ಕೆ ಹೆಡ್ ಎತ್ತಬೇಕಾಗಿ ಬಂದಾಗ ಆ ಬೋಲ್ಟ್ ಬಿಚ್ಚಿದರೆ, ಅದರ ನಡು ಭಾಗ ಇಲಿ ಕಡಿದ ಕಬ್ಬಿನ ಜಲ್ಲೆಯ ಹಾಗೆ ಸವೆದಿತ್ತು. ಕೈಯಲ್ಲಿ ಹಿಡಿದರೆ ತುಕ್ಕು ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ನೀರು ಹೊರಗೆ ಬರುವುದು ನಿಂತಿತ್ತು ಅಷ್ಟೇ. ಒಳಗೆ ಬೋಲ್ಟಿನ ಸುತ್ತ ತುಂಬಿಕೊಂಡು ಅಲ್ಲೇ ಕೂತು ಅದನ್ನು ತಿನ್ನುತ್ತಿತ್ತು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಬೋಲ್ಟ್ ಬ್ಲಾಕಿನೊಳಗೇ ಮುರಿಯುತ್ತಿತ್ತು.

ಹೀಗಾಗಿ ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು. ನೀರು ಕಾಣಿಸುವುದು ಮೇಲೆ, ಹೊರಡುವುದು ಕೆಳಗೆ. ಅದನ್ನು ಹೊರಡುವ ಜಾಗದಲ್ಲೇ, ಅಂದರೆ ಬೋಲ್ಟ್ ತಿರುಗಿ ಕೂರುವ ಬ್ಲಾಕಿನ ಥ್ರೆಡ್‌ನಲ್ಲೇ, ತಡೆಯಬೇಕು.

ನೀರು ಬರುವ ದಾರಿ

ಹೆಡ್ ಬೋಲ್ಟ್ ಕೂರುವ ತೂತುಗಳು ಎರಡು ಥರ. ಕೆಲವು ಕುರುಡು ತೂತುಗಳು, ತಳ ಮುಚ್ಚಿರುತ್ತದೆ. ಇನ್ನು ಕೆಲವು ತಳದಲ್ಲಿ ವಾಟರ್ ಜಾಕೆಟ್‌ಗೆ ತೆರೆದುಕೊಂಡಿರುತ್ತವೆ. ವಾಟರ್ ಜಾಕೆಟ್ ಅಂದರೆ ಬ್ಲಾಕಿನೊಳಗೆ ಕೂಲೆಂಟ್ ಹರಿಯುವ ಪೊಳ್ಳು ಜಾಗ. ಇಂಥ ತೂತುಗಳನ್ನು ಒದ್ದೆ ತೂತು ಅನ್ನೋಣ. ಎಂಜಿನ್ ಮಾಡಿದವರ ತಪ್ಪಲ್ಲ ಇದು, ವಿನ್ಯಾಸವೇ ಹಾಗೆ. ಹಳೆಯ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್‌ನಲ್ಲಿ ಎಲ್ಲಾ ಹೆಡ್ ಬೋಲ್ಟ್‌ಗಳೂ ನೀರಿಗೇ ಇಳಿಯುತ್ತವೆ. ಜೀಪಿನ 4.0 ಲೀಟರ್ ಆರು ಸಿಲಿಂಡರ್ ಎಂಜಿನ್‌ನಲ್ಲಿ 11ನೇ ನಂಬರಿನ ಬೋಲ್ಟ್‌ಗೆ ಮಾತ್ರ ಸೀಲೆಂಟ್ (ಸಂದು ಮುಚ್ಚುವ ಅಂಟು) ಹಚ್ಚಿ ಅಂತ ಮ್ಯಾನುಯಲ್ ಹೇಳುತ್ತದೆ.

ಬೋಲ್ಟ್ ಎಷ್ಟೇ ಬಿಗಿಯಾದರೂ ಥ್ರೆಡ್‌ನ ಎರಡು ಮೈಗಳ ನಡುವೆ ಕೂದಲಿನಷ್ಟು ಸಂದು ಇದ್ದೇ ಇರುತ್ತದೆ. ಸುರುಳಿ ಮೆಟ್ಟಿಲಿನ ಹಾಗೆ ಕೆಳಗಿನಿಂದ ಮೇಲಿನವರೆಗೂ ಅದು ಒಂದೇ ದಾರಿ. ಬಿಸಿಯಾದ ಕೂಲೆಂಟ್ ಒತ್ತಡದಲ್ಲಿ ಆ ಮೆಟ್ಟಿಲು ಹತ್ತಿ, ಬೋಲ್ಟಿನ ನಡು ಭಾಗವನ್ನು ಸುತ್ತಿಕೊಂಡು, ಹೆಡ್ಡಿನ ತೂತಿನ ಮೂಲಕ ವಾಷರ್ ಕೆಳಗಿಂದ ಹೊರಗೆ ಬರುತ್ತದೆ. ಮೇಲೆ ಮುಚ್ಚಿದರೆ ಗ್ಯಾಸ್ಕೆಟ್ ಕಡೆ ಪಕ್ಕಕ್ಕೆ ಹರಿಯಲು ನೋಡುತ್ತದೆ. ಪಕ್ಕದಲ್ಲಿ ಆಯಿಲ್ ಇಳಿಯುವ ದಾರಿ ಇದ್ದರೆ ಆಯಿಲ್‌ಗೂ ಸೇರಬಹುದು.

“ಬಿಚ್ಚುವ ಮುಂಚೆ ಇದು ಲೀಕ್ ಆಗ್ತಿರಲಿಲ್ಲ, ಹೊಸದಾಗಿ ಕಟ್ಟಿದ ಮೇಲೇ ಶುರುವಾಯ್ತು” ಅಂತ ಬಹಳ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ಕಾರಣ ಇದೆ. ಇಪ್ಪತ್ತು ಮೂವತ್ತು ವರ್ಷ ಬೋರ್‌ವೆಲ್ ನೀರು ಕುಡಿದ ಬ್ಲಾಕಿನಲ್ಲಿ ತುಕ್ಕು ಮತ್ತು ಸುಣ್ಣವೇ ಥ್ರೆಡ್ ಸಂದನ್ನು ಮುಚ್ಚಿರುತ್ತದೆ. ಬ್ಲಾಕನ್ನು ಕೆಮಿಕಲ್ ತೊಟ್ಟಿಯಲ್ಲಿ ಅದ್ದಿ ತೊಳೆಸಿದಾಗ ಆ ಮುಚ್ಚಳ ಹೋಗುತ್ತದೆ. ಅದರ ಜೊತೆಗೆ ಮೊದಲು ಸಾದಾ ನೀರು ಹಾಕುತ್ತಿದ್ದವರು ಹೊಸ ಎಂಜಿನ್ ಅಂತ ಒಳ್ಳೆಯ ಕೂಲೆಂಟ್ ಹಾಕುತ್ತಾರೆ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಬೆರೆತ ನೀರಿನ ಮೇಲ್ಮೈ ಎಳೆತ ಸಾದಾ ನೀರಿಗಿಂತ ಕಡಿಮೆ. ನೀರು ನುಗ್ಗದ ಸಂದಿಗೂ ಅದು ನುಗ್ಗುತ್ತದೆ.

ಮೊದಲು ಎಲ್ಲಿಂದ ಬರುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ

ಹೆಡ್ ಎತ್ತುವುದು ಸಣ್ಣ ಕೆಲಸವಲ್ಲ. ಥರ್ಮೋಸ್ಟ್ಯಾಟ್ ಹೌಸಿಂಗ್‌ನಿಂದ, ಹೀಟರ್ ಹೋಸ್‌ನಿಂದ ಒಸರಿದ ಕೂಲೆಂಟ್ ಹೆಡ್ ಮೇಲೆ ಹರಿದು ಬೋಲ್ಟ್ ಬುಡದಲ್ಲಿ ನಿಲ್ಲುವುದು ಬಹಳ ಸಾಮಾನ್ಯ. ಹಾಗಾಗಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ರಾತ್ರಿ ಬಿಟ್ಟು ಬೆಳಿಗ್ಗೆ ಆದರೆ ಇನ್ನೂ ಒಳ್ಳೆಯದು, ಹೆಡ್ ಮೇಲ್ಭಾಗವನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಪ್ರತಿ ಬೋಲ್ಟ್ ಸುತ್ತ ಚಾಕ್‌ಪೀಸ್ ಪುಡಿ ಉದುರಿಸಿ. ಬಿಳಿ ಪುಡಿ ಒಂದು ಚೂರು ತೇವ ತಾಗಿದರೂ ಬೂದು ಬಣ್ಣಕ್ಕೆ ತಿರುಗುತ್ತದೆ. ಅದರ ಗೆರೆ ನೋಡಿದರೆ ನೀರು ಬೋಲ್ಟ್ ಒಳಗಿಂದ ಹೊರಗೆ ಬಂದಿದೆಯೋ, ಬೇರೆ ಕಡೆಯಿಂದ ಹರಿದು ಬಂದಿದೆಯೋ ಗೊತ್ತಾಗುತ್ತದೆ.

ಆಮೇಲೆ ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ ಹಾಕಿ. ಸೈಕಲ್ ಪಂಪಿನ ಥರ ಇರುವ ಕೈ ಪಂಪು, ಮೇಲೆ ಒಂದು ಗೇಜ್. ಜೆ.ಸಿ. ರಸ್ತೆಯಲ್ಲಿ ಟೂಲ್ ಅಂಗಡಿಗಳಲ್ಲಿ ಕೇಳಿ, ಇಲ್ಲಾಂದ್ರೆ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ತನ್ನಿ. ನಿಮ್ಮ ರೇಡಿಯೇಟರ್ ಕ್ಯಾಪ್ ಮೇಲೆ ಬರೆದಿರುವ ಒತ್ತಡದವರೆಗೆ ಮಾತ್ರ ಪಂಪ್ ಮಾಡಿ, ಅದಕ್ಕಿಂತ ಜಾಸ್ತಿ ಬೇಡ. ಹಳೆಯ ಹಿತ್ತಾಳೆ ರೇಡಿಯೇಟರ್ ಬೆಸುಗೆ ಬಿಟ್ಟುಕೊಳ್ಳುತ್ತದೆ. ಇಪ್ಪತ್ತು ನಿಮಿಷ ಮುಳ್ಳು ಅಲ್ಲಾಡದೆ ನಿಂತರೆ ಸರಿ. ಇಳಿದರೆ ಟಾರ್ಚ್ ಹಿಡಿದು ಚಾಕ್ ಪುಡಿ ನೋಡಿ. ಈ ಪರೀಕ್ಷೆಯನ್ನು ತಣ್ಣಗಿರುವಾಗಲೇ ಮಾಡಬೇಕು. ಎಂಜಿನ್ ಬಿಸಿ ಇದ್ದರೆ ಜಿನುಗಿದ ಹನಿ ಅಲ್ಲೇ ಆವಿಯಾಗಿ ನಿಮಗೆ ಬರೀ ಕಲೆ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಬಿಡಬೇಡಿ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ಮೇಲಿನ ಟ್ಯಾಂಕಿನಲ್ಲಿ ಬಿಡದೆ ಗುಳ್ಳೆ ಏಳುತ್ತಿವೆಯಾ ನೋಡಿ. ಆಕ್ಸಿಲೇಟರ್ ಒತ್ತಿದ ಹಾಗೆ ಗುಳ್ಳೆ ಜಾಸ್ತಿಯಾದರೆ ಸಿಲಿಂಡರ್ ಗ್ಯಾಸ್ ಕೂಲೆಂಟ್‌ಗೆ ನುಗ್ಗುತ್ತಿದೆ. ಅದು ಗ್ಯಾಸ್ಕೆಟ್ ಅಥವಾ ಕ್ರ್ಯಾಕ್ ಸಮಸ್ಯೆ. ಹಾಗಿದ್ದರೆ ಬೋಲ್ಟ್‌ಗೆ ಸೀಲೆಂಟ್ ಹಚ್ಚಿ ಪ್ರಯೋಜನ ಇಲ್ಲ.

ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಯಾವತ್ತೂ ತೆಗೆಯಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಸಾದಾ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪಿನ ಒತ್ತಡ ಬಿಟ್ಟ ತಕ್ಷಣ ಒಳಗಿನದು ಉಕ್ಕಿ ಮುಖಕ್ಕೆ ಬರುತ್ತದೆ.

ಬಿಚ್ಚುವುದು

ಕೂಲೆಂಟ್ ಇಳಿಸಿ. ರೇಡಿಯೇಟರ್ ಕೆಳಗಿನ ಕಾಕ್ ಮಾತ್ರ ಅಲ್ಲ, ಬ್ಲಾಕಿನ ಪಕ್ಕದ ಡ್ರೈನ್ ಕೂಡ ತೆಗೆಯಬೇಕು. ಇಲ್ಲಾಂದ್ರೆ ಬೋಲ್ಟ್ ಬಿಚ್ಚಿದಾಗ ನೀರು ನೇರ ಸಿಲಿಂಡರಿಗೆ, ಆಯಿಲ್ ಪ್ಯಾನಿಗೆ ಇಳಿಯುತ್ತದೆ. ಇಳಿಸಿದ ಕೂಲೆಂಟನ್ನು ಮುಚ್ಚಳ ಇರುವ ಕ್ಯಾನಿನಲ್ಲಿ ಹಿಡಿಯಿರಿ. ಗ್ಲೈಕಾಲ್ ರುಚಿ ಸಿಹಿ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ನಮ್ಮ ಶೆಡ್ಡಿಗೆ ದಿನಾ ಬಂದು ಮಲಗುವ ಒಂದು ಕಂದು ನಾಯಿ ಇದೆ. ನೆಲಕ್ಕೆ ಒಂದು ತೊಟ್ಟು ಬಿದ್ದರೂ ನಾನು ನೀರು ಹಾಕಿ ತೊಳೆದೇ ಮುಂದಕ್ಕೆ ಹೋಗುವುದು.

ಹೆಡ್ ಬೋಲ್ಟ್‌ಗಳನ್ನು ಬಿಗಿ ಮಾಡುವ ಕ್ರಮಕ್ಕೆ ಉಲ್ಟಾ, ಅಂದರೆ ಹೊರಗಿನಿಂದ ಒಳಗೆ, ಎರಡು ಮೂರು ಸುತ್ತಿನಲ್ಲಿ ಸಡಿಲ ಮಾಡಿ. ಹರಿಕೇನ್ ಎಂಜಿನ್ ಇರುವವರು ಗಮನಿಸಿ: ಒಂದು ಹೆಡ್ ಬೋಲ್ಟ್ ಕಾರ್ಬ್ಯುರೇಟರ್ ಕೆಳಗೆ, ಇನ್‌ಟೇಕ್ ದಾರಿಯೊಳಗೆ ಅಡಗಿದೆ. ಕಾರ್ಬ್ಯುರೇಟರ್ ತೆಗೆದರೇ ಅದು ಕಾಣುವುದು. ಅದನ್ನು ಮರೆತು ಮೀಟುಗೋಲು ಹಾಕಿ ಹೆಡ್ ಎತ್ತಲು ಹೋಗಿ ಹೆಡ್ ಹಾಳು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಂದು ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು, ತೂತು ಮಾಡಿ, ಬೋಲ್ಟ್‌ಗಳನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಉದ್ದ ಬೇರೆ ಬೇರೆ ಇರಬಹುದು. ಯಾವ ಬೋಲ್ಟ್ ತುದಿ ತುಕ್ಕು ಹಿಡಿದು ಕಂದಾಗಿದೆ, ಯಾವುದು ಎಣ್ಣೆ ಬಣ್ಣದಲ್ಲೇ ಇದೆ ಅಂತ ನೋಡಿ. ಯಾವ ತೂತು ಒದ್ದೆ ಅಂತ ಬೋಲ್ಟ್‌ಗಳೇ ಹೇಳುತ್ತವೆ.

ಒದ್ದೆ ತೂತು ಯಾವುದು, ಕುರುಡು ತೂತು ಯಾವುದು

ಆದರೂ ಊಹೆ ಸಾಲದು, ಪರೀಕ್ಷೆ ಮಾಡಿ. ಸೈಕಲ್ ಸ್ಪೋಕ್ ಒಂದನ್ನು ತುದಿ ಬಗ್ಗಿಸಿ ತೂತಿನೊಳಗೆ ಬಿಡಿ. ಕುರುಡು ತೂತಾದರೆ ತಳ ತಾಗುತ್ತದೆ. ಒದ್ದೆ ತೂತಾದರೆ ಥ್ರೆಡ್ ಮುಗಿದ ಮೇಲೆ ಸ್ಪೋಕ್ ಪಕ್ಕಕ್ಕೆ ಜಾರುತ್ತದೆ. ಅನುಮಾನ ಬಂದರೆ ವಾಟರ್ ಜಾಕೆಟ್‌ಗೆ ಮೇಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿ ಟಾರ್ಚ್ ಬಿಡಿ. ಒದ್ದೆ ತೂತಿನ ತಳದಲ್ಲಿ ನೀರು ಹೊಳೆಯುತ್ತದೆ. ಕಂಡದ್ದನ್ನು ರಟ್ಟಿನ ಮೇಲೆ ಗುರುತು ಹಾಕಿ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಎರಡಕ್ಕೂ ಮಾಡುವ ಕೆಲಸ ಬೇರೆ. ಒದ್ದೆ ತೂತಿಗೆ ಸೀಲೆಂಟ್ ಬೇಕೇ ಬೇಕು. ಕುರುಡು ತೂತಿನದಕ್ಕೆ ಬೋಲ್ಟಿನ ಥ್ರೆಡ್ ಮೇಲೆ ಒಂದೆರಡು ಹನಿ ಎಂಜಿನ್ ಆಯಿಲ್ ಸಾಕು, ತೂತಿನೊಳಗೆ ಸುರಿಯಬೇಡಿ. ಕುರುಡು ತೂತಿನ ತಳದಲ್ಲಿ ನೀರೋ ಎಣ್ಣೆಯೋ ನಿಂತಿದ್ದು, ಅದರ ಮೇಲೆ ಬೋಲ್ಟ್ ತಿರುಗಿಸಿದರೆ ಆ ದ್ರವಕ್ಕೆ ಹೋಗಲು ಜಾಗ ಇರುವುದಿಲ್ಲ. ಜಾಕ್ ಹಾಕಿದ ಹಾಗೆ ಒತ್ತಿ ಬೀಡು ಕಬ್ಬಿಣವನ್ನು ಸೀಳಿಬಿಡುತ್ತದೆ. ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್ ಮಾತ್ರ ‘ಬಿಗಿ ಆಯ್ತು’ ಅಂತ ಕ್ಲಿಕ್ ಅನ್ನುತ್ತದೆ. ಅದಕ್ಕೇ ಪ್ರತಿ ಕುರುಡು ತೂತಿಗೂ ಗಾಳಿ ಹೊಡೆದು, ಸ್ಪೋಕ್‌ಗೆ ಬಟ್ಟೆ ಸುತ್ತಿ ಒಣಗಿಸಿ. ಗಾಳಿ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ, ತುಕ್ಕು ನೇರ ಕಣ್ಣಿಗೇ ಹಾರುತ್ತದೆ.

ಥ್ರೆಡ್ ತೊಳೆಯುವ ಕೆಲಸ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೇ. ಒಂದು ಪೂರ್ತಿ ಸಂಜೆ. ಸೀಲೆಂಟ್ ಎಷ್ಟೇ ದುಬಾರಿಯದಾದರೂ ತುಕ್ಕಿನ ಮೇಲೆ, ಹಳೆಯ ಅಂಟಿನ ಮೇಲೆ, ಎಣ್ಣೆಯ ಮೇಲೆ ಹಿಡಿಯುವುದಿಲ್ಲ.

ಹೊಸ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಬೇಡಿ. ಕತ್ತರಿಸುವ ಟ್ಯಾಪ್ ಥ್ರೆಡ್ಡಿನ ಮೈಯನ್ನೂ ಕೆರೆದು ಸಂದು ದೊಡ್ಡದು ಮಾಡುತ್ತದೆ. ಸಂದು ದೊಡ್ಡದಾದಷ್ಟೂ ಲೀಕ್ ಜಾಸ್ತಿ. ಬೇಕಾದದ್ದು ಥ್ರೆಡ್ ಚೇಸರ್, ಅಂದರೆ ಲೋಹ ಕತ್ತರಿಸದೆ ಕೊಳೆ ಮಾತ್ರ ತೆಗೆಯುವ ಸಾಧನ. ಅಂಗಡಿಯಲ್ಲಿ ಸಿಗಲಿಲ್ಲವಾದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಅದೇ ಅಳತೆಯ ಒಂದು ಒಳ್ಳೆಯ ಹಳೆಯ ಬೋಲ್ಟ್ ತೆಗೆದುಕೊಂಡು, ಥ್ರೆಡ್ ಉದ್ದಕ್ಕೂ ಹ್ಯಾಕ್ಸಾದಲ್ಲಿ ಮೂರು ಗೀರು ಕೊಯ್ಯಿರಿ. ಗೀರಿನ ಅಂಚನ್ನು ಸಣ್ಣ ಅರದಲ್ಲಿ ಉಜ್ಜಿ ಮೊಂಡು ಮಾಡಿ. ನನ್ನ ಎಂಜಿನ್ನಿಗೆ ಬೇಕಾದದ್ದು 7/16 ಇಂಚು, ಇಂಚಿಗೆ 14 ಥ್ರೆಡ್. ಎಣ್ಣೆ ಹಾಕಿ ಕೈಯಲ್ಲೇ ತಿರುಗಿಸುತ್ತಾ ಒಳಗೆ ಬಿಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹೊರಗೆ ತೆಗೆದಾಗ ಗೀರಿನ ತುಂಬ ಕಾಫಿ ಚರಟದಂಥ ಕಪ್ಪು ಕೊಳೆ ತುಂಬಿರುತ್ತದೆ. ಒರೆಸಿ, ಮತ್ತೆ ಬಿಡಿ. ನನ್ನ ಒಂದೊಂದು ಒದ್ದೆ ತೂತಿಗೂ ಐದಾರು ಸಲ ಬೇಕಾಯ್ತು. ಕೊನೆಗೆ ಬೋಲ್ಟ್ ಬೆರಳ ತುದಿಯಲ್ಲೇ ತಳದವರೆಗೆ ಸಲೀಸಾಗಿ ಇಳಿಯಬೇಕು.

ಆಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಬಾಟಲ್ ತೊಳೆಯುವ ಸಣ್ಣ ಬ್ರಶ್ ಆಡಿಸಿ, ಗಾಳಿ ಹೊಡೆಯಿರಿ. ಬಿಳಿ ಬಟ್ಟೆ ಸುತ್ತಿದ ಕಡ್ಡಿ ಬಿಟ್ಟು ತೆಗೆದರೆ ಬಟ್ಟೆ ಬಿಳಿಯಾಗೇ ಬರಬೇಕು. ಬೋಲ್ಟ್‌ಗಳಿಗೂ ಇದೇ ಉಪಚಾರ. ವೈರ್ ಬ್ರಶ್, ಥಿನ್ನರ್, ಒಣಗಿಸುವುದು.

ತೂತಿನ ಬಾಯಿಯನ್ನೂ ನೋಡಿ. ವರ್ಷಗಟ್ಟಲೆ ಎಳೆತದಿಂದ ಮೇಲಿನ ಮೊದಲ ಥ್ರೆಡ್ ಎದ್ದು, ತೂತಿನ ಸುತ್ತ ಬ್ಲಾಕಿನ ಮೈ ಸಣ್ಣ ದಿಣ್ಣೆಯ ಹಾಗೆ ಉಬ್ಬಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಗುರು ಎಳೆದರೆ ತಾಗುತ್ತದೆ. ಆ ದಿಣ್ಣೆ ಗ್ಯಾಸ್ಕೆಟ್ಟನ್ನು ಎತ್ತಿ ಹಿಡಿದು ಪಕ್ಕದಲ್ಲಿ ಸಂದು ಬಿಡುತ್ತದೆ. ಸಪಾಟಾದ ಎಣ್ಣೆಕಲ್ಲಿನಲ್ಲಿ ಉಜ್ಜಿ, ಬಾಯಿಗೆ ಕೌಂಟರ್‌ಸಿಂಕ್‌ನಲ್ಲಿ ಒಂದು ಸಣ್ಣ ಇಳಿಜಾರು ಕೊಡಿ. ಬರೀ ಮೊದಲ ಥ್ರೆಡ್ ಮಾಯ ಆಗುವಷ್ಟು ಸಾಕು. ನಂತರ ಸ್ಟ್ರೈಟ್ ಎಡ್ಜ್ (ನೆಟ್ಟನೆಯ ಉಕ್ಕಿನ ಪಟ್ಟಿ) ಇಟ್ಟು, ಅದರ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ಹಾಕಿ ನೋಡಿ. ಎಲ್ಲೂ 0.05 ಮಿ.ಮೀ. ಎಲೆ ನುಗ್ಗದಿದ್ದರೆ ಚೆನ್ನಾಗಿದೆ. 0.10 ನುಗ್ಗಿದರೆ ನಾನು ಮೆಷಿನ್ ಶಾಪಿಗೆ ಕೊಟ್ಟುಬಿಡುತ್ತೇನೆ. ಹೆಡ್ಡನ್ನೂ ಹಾಗೇ ನೋಡಿ. ಮೆಷಿನ್‌ನಲ್ಲಿ ಮೈ ಸಪಾಟು ಮಾಡಿಸಿದರೆ ಬೋಲ್ಟ್ ಇನ್ನಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಕುರುಡು ತೂತಿನಲ್ಲಿ ತಳ ತಾಗದೆ ಹೆಡ್ ಕೂರುತ್ತದಾ ಅಂತ ಅಳೆದು ನೋಡಿ.

ಬೋಲ್ಟ್‌ಗಳ ಬಗ್ಗೆ ಕಂಜೂಸುತನ ಬೇಡ. ಹೊಸದರ ಪಕ್ಕ ಹಳೆಯದನ್ನು ನಿಲ್ಲಿಸಿ ಉದ್ದ ನೋಡಿ. ಒಂದು ನಟ್ ಹಾಕಿ ಬೆರಳಲ್ಲೇ ಪೂರ್ತಿ ತಿರುಗಿಸಿ. ಎಲ್ಲಾದರೂ ತಡೆದರೆ ಆ ಜಾಗದಲ್ಲಿ ಬೋಲ್ಟ್ ಹಿಗ್ಗಿದೆ ಅಂತ ಅರ್ಥ. ನಡು ಸವೆದಿದ್ದರೆ ಎಸೆಯಿರಿ. ತಲೆ ಮೇಲೆ ಗೆರೆ ಇಲ್ಲದ ಸಾದಾ ಬೋಲ್ಟ್ ಕೊಳ್ಳಬೇಡಿ. ಇಂಚಿನ ಬೋಲ್ಟ್‌ಗಳಲ್ಲಿ ಮೂರು ಗೆರೆ ಅಂದರೆ ಗ್ರೇಡ್ 5, ಆರು ಗೆರೆ ಅಂದರೆ ಗ್ರೇಡ್ 8. ಎಸ್.ಪಿ. ರಸ್ತೆಯ ಬೋಲ್ಟ್ ಅಂಗಡಿಗೆ ಹೋಗುವಾಗ ಹಳೆಯ ಬೋಲ್ಟ್ ಕೈಯಲ್ಲೇ ಇರಲಿ, ಬಾಯಲ್ಲಿ ಅಳತೆ ಹೇಳಿದರೆ ಮಿಲಿಮೀಟರ್ ಬೋಲ್ಟ್ ಕೈಗೆ ಬರುವ ಸಾಧ್ಯತೆ ಉಂಟು.

ಇಲ್ಲಿ ಒಂದು ಎಚ್ಚರಿಕೆ. ಈಗಿನ ಕಾರುಗಳಲ್ಲಿ ಹೆಡ್ ಬೋಲ್ಟ್‌ಗಳನ್ನು ಹಿಗ್ಗುವವರೆಗೆ, ಡಿಗ್ರಿ ಲೆಕ್ಕದಲ್ಲಿ ತಿರುಗಿಸುತ್ತಾರೆ. ಅಂಥ ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ನಾನು ಹೇಳುತ್ತಿರುವುದು ಹಳೆಯ ಬೀಡು ಕಬ್ಬಿಣದ ಎಂಜಿನ್‌ಗಳ ವಿಷಯ.

ಯಾವ ಸೀಲೆಂಟ್

ಪೇಟೆಯಲ್ಲಿ ಸಿಗುವುದನ್ನು ಮೂರು ಗುಂಪು ಮಾಡಬಹುದು. ಒಂದು, ಗಟ್ಟಿಯಾಗದ ಪೇಸ್ಟ್. ಟೆಫ್ಲಾನ್ ಪುಡಿ ಬೆರೆಸಿದ ಥ್ರೆಡ್ ಸೀಲರ್, ಪರ್ಮಾಟೆಕ್ಸ್ ನಂಬರ್ 2 ಇಂಥವು. ಎರಡು, ಗಾಳಿ ಇಲ್ಲದ ಜಾಗದಲ್ಲಿ ಲೋಹದ ನಡುವೆ ಗಟ್ಟಿಯಾಗುವ ದ್ರವ. ಲಾಕ್‌ಟೈಟ್ 577 ಈ ಜಾತಿಯದು. ಮೂರು, ಟ್ಯೂಬಿನಲ್ಲಿ ಬರುವ ಸಿಲಿಕೋನ್. ಬೆಂಗಳೂರಿನ ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ಬಳಿಯುವುದು ಇದನ್ನೇ.

ನನ್ನ ಆಯ್ಕೆ ಮೊದಲನೆಯದು, ಅದಕ್ಕೆ ಕಾರಣ ಗ್ಯಾಸ್ಕೆಟ್. ಹಳೆಯ ಎಂಜಿನ್ನಿನ ಗ್ಯಾಸ್ಕೆಟ್ ಮೊದಲ ಬಿಸಿಗೆ ಸ್ವಲ್ಪ ಕೂತು ತೆಳುವಾಗುತ್ತದೆ. ಆಗ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕಾಗುತ್ತದೆ. ಲಾಕ್‌ಟೈಟ್ ಥರದ ದ್ರವ ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಬೋಲ್ಟ್ ಕದಲಿಸಿದರೆ ಆ ಪದರ ಬಿರುಕು ಬಿಟ್ಟು, ಲೀಕ್ ಮತ್ತೆ ಶುರು. ಪೇಸ್ಟ್ ಮೆತ್ತಗೇ ಇರುವುದರಿಂದ ಬೋಲ್ಟ್ ಜೊತೆ ಸರಿದುಕೊಳ್ಳುತ್ತದೆ. ಗ್ಯಾಸ್ಕೆಟ್ ಪ್ಯಾಕೆಟ್ ಮೇಲೆ ಮತ್ತೆ ಬಿಗಿ ಮಾಡುವ ಅಗತ್ಯ ಇಲ್ಲ ಅಂತ ಇದ್ದರೆ ಎರಡನೆಯದೂ ನಡೆಯುತ್ತದೆ. ಬೋಲ್ಟ್ ಬದಲು ಸ್ಟಡ್ (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಸರಳು) ಇರುವ ಎಂಜಿನ್ ಆದರಂತೂ ಎರಡನೆಯದೇ ಚೆಂದ. ಸ್ಟಡ್ ಬ್ಲಾಕಿನಲ್ಲಿ ಅಲ್ಲಾಡದೆ ಕೂತಿರುತ್ತದೆ, ಮೇಲೆ ನಟ್ ಎಷ್ಟು ಸಲ ಬಿಗಿ ಮಾಡಿದರೂ ಕೆಳಗಿನ ಸೀಲ್ ಕದಲುವುದಿಲ್ಲ.

ಸಿಲಿಕೋನ್ ಥ್ರೆಡ್ ಮೇಲೆ ನನಗೆ ಇಷ್ಟವಿಲ್ಲ. ಬೇಗ ಚರ್ಮ ಕಟ್ಟುತ್ತದೆ, ಜಾಸ್ತಿಯಾದದ್ದು ಉಂಡೆಯಾಗಿ ವಾಟರ್ ಜಾಕೆಟ್ ಸೇರಿ ರೇಡಿಯೇಟರ್ ಟ್ಯೂಬಿಗೆ ಹೋಗಿ ಕೂರುತ್ತದೆ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಕೂಡ ಬೇಡ. ಅದರ ಚೂರುಗಳೂ ಅಲ್ಲಿಗೇ ಹೋಗುತ್ತವೆ, ಮೇಲಾಗಿ ಟಾರ್ಕ್ ಲೆಕ್ಕ ತಪ್ಪಿಸುತ್ತದೆ.

ರೇಡಿಯೇಟರಿಗೆ ಸ್ಟಾಪ್ ಲೀಕ್ ಪುಡಿ, ಅರಿಶಿನ ಪುಡಿ ಹಾಕುವ ಉಪಾಯ ನಮ್ಮ ಕಡೆ ಹಳೆಯದು. ದಾರಿಯಲ್ಲಿ ಕೈಕೊಟ್ಟಾಗ ಮನೆ ಸೇರಲು ಸರಿ. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ದಯವಿಟ್ಟು ಹಾಕಬೇಡಿ.

ಹಚ್ಚುವುದು, ಬಿಗಿ ಮಾಡುವುದು

ಗ್ಯಾಸ್ಕೆಟ್ ಇಟ್ಟು, ಹೆಡ್ ಇಳಿಸಿ. ಇಷ್ಟಾದ ಮೇಲೆಯೇ ಸೀಲೆಂಟ್ ಟ್ಯೂಬ್ ತೆರೆಯಿರಿ. ಒದ್ದೆ ತೂತಿನ ಬೋಲ್ಟ್‌ಗಳ ತುದಿಯ ಮೊದಲ ಥ್ರೆಡ್ ಬಿಟ್ಟು, ಅಲ್ಲಿಂದ ಮೇಲಕ್ಕೆ ಥ್ರೆಡ್ಡಿನ ಮುಕ್ಕಾಲು ಭಾಗಕ್ಕೆ ಸುತ್ತಲೂ ಹಚ್ಚಿ. ಕಣಿವೆ ತುಂಬಬೇಕು, ಬೆಟ್ಟ ಮುಚ್ಚಬಾರದು, ಅಷ್ಟೇ ದಪ್ಪ. ಬೆರಳಲ್ಲಿ ಒತ್ತಿ ಸವರಿದರೆ ಸರಿಯಾಗಿ ಕೂರುತ್ತದೆ. ವಾಷರಿನ ಎರಡೂ ಮೈಗೆ ಮತ್ತು ಬೋಲ್ಟ್ ತಲೆಯ ಕೆಳಗೆ ಒಂದೊಂದು ಹನಿ ಎಂಜಿನ್ ಆಯಿಲ್.

ಆ ಹನಿ ಆಯಿಲ್ ಬಿಡಬೇಡಿ. ಟಾರ್ಕ್ ರೆಂಚಿನಲ್ಲಿ ನಾವು ಹಾಕುವ ಬಲದಲ್ಲಿ ಹೆಚ್ಚು ಕಡಿಮೆ ಅರ್ಧ ಬೋಲ್ಟ್ ತಲೆಯ ಕೆಳಗಿನ ತಿಕ್ಕಾಟಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಥ್ರೆಡ್ ತಿಕ್ಕಾಟಕ್ಕೆ. ಹೆಡ್ಡನ್ನು ನಿಜವಾಗಿ ಒತ್ತಿ ಹಿಡಿಯುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಒಂದು ಬೋಲ್ಟ್ ಒಣಗಿದ್ದು ಪಕ್ಕದ್ದು ಎಣ್ಣೆಯಾಗಿದ್ದರೆ, ರೆಂಚ್ ಎರಡಕ್ಕೂ ಒಂದೇ ನಂಬರ್ ತೋರಿಸಿದರೂ ಹಿಡಿತ ಒಂದೇ ಇರುವುದಿಲ್ಲ.

ಎಲ್ಲಾ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲಿ ತಿರುಗಿಸಿ. ನಂತರ ಮ್ಯಾನುಯಲ್ ಹೇಳಿದ ಕ್ರಮದಲ್ಲಿ, ನಡುವಿನಿಂದ ಹೊರಕ್ಕೆ. ಹರಿಕೇನ್ ಎಂಜಿನ್ನಿಗೆ ಕೊನೆಯ ಟಾರ್ಕ್ 60ರಿಂದ 70 ಪೌಂಡ್ ಅಡಿ. ನಾನು ಮೂರು ಸುತ್ತು ಮಾಡುತ್ತೇನೆ. ಮೊದಲು 25, ಆಮೇಲೆ 45, ಕೊನೆಗೆ 65. ನಿಮ್ಮ ರೆಂಚ್ ನ್ಯೂಟನ್ ಮೀಟರ್‌ನದಾದರೆ ಅದು 34, 61, 88. ರೆಂಚನ್ನು ಎಳೆಯುವಾಗ ಒಂದೇ ಸಮನೆ, ನಿಲ್ಲಿಸದೆ ಎಳೆಯಿರಿ. ಕ್ಲಿಕ್ ಆದ ಮೇಲೆ ಇನ್ನೊಂದು ಸಲ ಕ್ಲಿಕ್ ಅನ್ನಿಸುವ ಅಭ್ಯಾಸ ಬಿಡಿ. ಪ್ರತಿ ಸುತ್ತಿಗೂ ಬೋಲ್ಟ್ ತಲೆಗೆ ಒಂದು ಪೇಂಟ್ ಚುಕ್ಕೆ ಇಟ್ಟರೆ ಮರೆಯುವುದಿಲ್ಲ. ಇನ್‌ಟೇಕ್ ಒಳಗಿನ ಆ ಅಡಗಿದ ಬೋಲ್ಟಿಗೂ ಚುಕ್ಕೆ ಬಿತ್ತಾ ನೋಡಿ, ಆಮೇಲೆ ಕಾರ್ಬ್ಯುರೇಟರ್ ಹಾಕಿ.

ಲಾಕ್‌ಟೈಟ್ ಜಾತಿಯ ದ್ರವ ಹಚ್ಚಿದ್ದರೆ ಎಲ್ಲಾ ಸುತ್ತನ್ನೂ ಒಂದೇ ಪಟ್ಟಿಗೆ ಕೂತು ಮುಗಿಸಿ. ಅರ್ಧ ಬಿಗಿ ಮಾಡಿ ಊಟಕ್ಕೆ ಎದ್ದು ಹೋಗಬೇಡಿ. ಮುಗಿದ ಮೇಲೆ ಒಂದು ಪೂರ್ತಿ ದಿನ ಕೂಲೆಂಟ್ ಹಾಕದೆ ಬಿಡಿ. ಪೇಸ್ಟ್ ಹಚ್ಚಿದ್ದರೂ ನಾನು ಒಂದು ರಾತ್ರಿ ಬಿಡುತ್ತೇನೆ.

ತುಂಬಿಸಿ ನೋಡುವುದು

ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್. ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ, ಆದರೂ ತುಕ್ಕು ತಡೆಯುವ ಅಂಶಕ್ಕಾಗಿ ಕೂಲೆಂಟ್ ಬೇಕು. ಡಬ್ಬಿ ಮೇಲೆ ಹೇಳಿದ ಅಳತೆಗಿಂತ ತೆಳು ಮಾಡಬೇಡಿ. ಹಿತ್ತಾಳೆ ರೇಡಿಯೇಟರ್ ಇರುವ ಹಳೆಯ ಗಾಡಿಗೆ ಹಳೆಯ ಥರದ ಹಸಿರು ಕೂಲೆಂಟ್ ಸಾಕು.

ಸ್ಟಾರ್ಟ್ ಮಾಡುವ ಮುಂಚೆಯೇ ಮತ್ತೆ ಚಾಕ್ ಪುಡಿ, ಮತ್ತೆ ಪ್ರೆಶರ್ ಟೆಸ್ಟರ್. ತಣ್ಣಗಿರುವಾಗ ಒಂದು ಗಂಟೆ ಒತ್ತಡ ನಿಂತರೆ ಸ್ಟಾರ್ಟ್ ಮಾಡಿ, ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಓಡಿಸಿ, ನಿಲ್ಲಿಸಿ. ರಾತ್ರಿಯಿಡೀ ತಣ್ಣಗಾಗಲಿ. ಬಿಸಿಯಾಗಿ ತಣ್ಣಗಾಗುವಾಗಲೇ ಲೋಹ ಹಿಗ್ಗಿ ಕುಗ್ಗಿ ಸಂದು ಬಿಡುವುದು. ಬೆಳಿಗ್ಗೆ ಚಾಕ್ ನೋಡಿ.

ಆಮೇಲೆ ಗ್ಯಾಸ್ಕೆಟ್ ಮಾಡಿದವರು ಹೇಳಿದ್ದರೆ ಮತ್ತೆ ಬಿಗಿ ಮಾಡುವುದು. ತಣ್ಣಗಿರುವ ಎಂಜಿನ್ ಮೇಲೆ, ಅದೇ ಕ್ರಮದಲ್ಲಿ, ಅದೇ 65ಕ್ಕೆ. ಕೆಲವರು ಒಂದೊಂದು ಬೋಲ್ಟನ್ನೂ ಕಾಲು ಸುತ್ತು ಸಡಿಲ ಮಾಡಿ ಮತ್ತೆ ಬಿಗಿ ಮಾಡುತ್ತಾರೆ. ಕುರುಡು ತೂತಿನ ಬೋಲ್ಟಿಗೆ ಅದು ಸರಿ. ಒದ್ದೆ ತೂತಿನ ಬೋಲ್ಟನ್ನು ಹಿಂದಕ್ಕೆ ತಿರುಗಿಸಬೇಡಿ, ಮುಂದಕ್ಕೆ ಮಾತ್ರ. ರಟ್ಟಿನ ಮೇಲಿನ ಗುರುತು ಈಗ ಮತ್ತೆ ಉಪಯೋಗಕ್ಕೆ ಬಂತು ಅಲ್ವಾ?

ಇಷ್ಟೆಲ್ಲಾ ಆದ ಮೇಲೂ ಅದೇ ಬೋಲ್ಟ್ ಜಿನುಗಿದರೆ, ಸೀಲೆಂಟ್ ಮೇಲೆ ಸೀಲೆಂಟ್ ಹಚ್ಚಬೇಡಿ. ಥ್ರೆಡ್ ತಿಂದು ಹೋಗಿದೆ, ಅಥವಾ ತೂತಿನಿಂದ ವಾಟರ್ ಜಾಕೆಟ್‌ವರೆಗೆ ಒಂದು ಬಿರುಕು ಇದೆ. ಬಿರುಕು ನೋಡಲು ಕೆಂಪು ಡೈ ಮತ್ತು ಬಿಳಿ ಡೆವಲಪರ್ ಸ್ಪ್ರೇ ಜೋಡಿ ಸಿಗುತ್ತದೆ. ಡೈ ಹೊಡೆದು, ಒರೆಸಿ, ಬಿಳಿ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಥ್ರೆಡ್ ಹೋಗಿದ್ದರೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಇನ್ಸರ್ಟ್ ಒದ್ದೆ ತೂತಿಗೆ ಒಳ್ಳೆಯದಲ್ಲ, ತಂತಿಯ ಹಿಂದೆಯೇ ನೀರು ಹತ್ತಿ ಬರುತ್ತದೆ. ಗಟ್ಟಿ ಬುಷ್ ಹಾಕಿಸಿ, ಬುಷ್‌ನ ಹೊರ ಮೈಗೂ ಸೀಲೆಂಟ್ ಹಚ್ಚಲು ಹೇಳಿ. ತೂತು ನೆಟ್ಟಗೆ ಬರಬೇಕು, ಕೈ ಡ್ರಿಲ್ಲಿನಲ್ಲಿ ಆಗುವ ಕೆಲಸವಲ್ಲ. ಬ್ಲಾಕನ್ನು ಮೆಷಿನ್ ಮೇಲೆ ಕಟ್ಟಿ ಮಾಡುವವರ ಹತ್ತಿರವೇ ಹೋಗಿ.

ನನ್ನ ಜೀಪಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಎರಡನೇ ಸಲ ಕಟ್ಟಿದ ಮೇಲೆ ಮೊದಲು ಕನಕಪುರ ರಸ್ತೆಯಲ್ಲಿ ಕಗ್ಗಲಿಪುರದವರೆಗೆ ಹೋಗಿ ಬಂದೆ. ವಾರದ ನಂತರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೊರಟೆ. ಎರಡನೇ ಗೇರಿನಲ್ಲಿ ತಿರುವು ತಿರುವು ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೇ ಕಣ್ಣು. ಮೇಲೆ ನಿಲ್ಲಿಸಿ, ಒಂದು ಗಂಟೆ ಬಿಟ್ಟು ಬಾನೆಟ್ ಎತ್ತಿದೆ. ಎರಡು ಮತ್ತು ಮೂರನೇ ಸಿಲಿಂಡರ್ ನಡುವಿನ ಬೋಲ್ಟ್ ಸುತ್ತ ಹಿಂದಿನ ರಾತ್ರಿ ಹಾಕಿದ್ದ ಚಾಕ್ ಪುಡಿ ಹಾಗೇ ಬೆಳ್ಳಗಿತ್ತು.